ಬಿದ್ದದ್ದನ್ನು ಹೆಕ್ಕುತ್ತ

ಯುಗಾದಿಗೆ ಮುಂಚೆ ನಾಲ್ಕು ದಿನ ಬಿಡುವು ದೊರೆತಿತ್ತು. ವಸಂತವನ್ನು ನೋಡಿಬರಲು ಕೂಡ್ಲಿಗಿಯ ಕಡೆಗೆ ಹೊರಟಿದ್ದೇನೆ ಎಂದಾಗ ಮನೆಯವರು ನಕ್ಕರು. ವಸಂತ ಬೇಕಾದವರು ಮಲೆನಾಡಿಗೆ ಹೋಗುತ್ತಾರೆ. ಕೂಡ್ಲಿಗಿಯಲ್ಲಿ ಬಂಡೆಗಲ್ಲಲ್ಲದೆ ನೋಡುವುದಕ್ಕೆ ಇನ್ನೇನುಂಟು ಎಂದು ಅವರ ಪ್ರಶ್ನೆ. ಬಂಡೆಗಲ್ಲನ್ನೂ ನೋಡಿದೆ, ಇಲ್ಲವೆನ್ನಲಾರೆ. ಆದರೆ ಆ ಬಂಡೆಗಳ ನಡುವೆ ಒಂದೂ ಎಲೆಯಿಲ್ಲದೆ, ರೆಂಬೆಯ ತುದಿತುದಿಗೆ ಅಂಗೈಯಗಲದ ಹಳದಿ ಹೂ ಹೊತ್ತು ನಿಂತ ಅರಿಸಿನ ಬೂರುಗವನ್ನು ಕಂಡಮೇಲೆ, ಮಲೆನಾಡಿನ ಹಸುರು ಹೂವನ್ನು ಮರೆಮಾಡುತ್ತದೆಯೇ ಹೊರತು ತೋರಿಸುವುದಿಲ್ಲ ಎನಿಸಿತು. ಮಳೆ ಕಡಿಮೆಯಾದ ಸೀಮೆಯ ಮರಗಳು ಬೇಸಗೆಗೆ ಮುಂಚೆ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತವೆ. ಹಲವು ಮರಗಳು ಹೂ ಬಿಡುವುದೂ ಆ ಬೋಳು ಕಾಲದಲ್ಲಿಯೇ. ಜೇನಿಗೂ ಹಕ್ಕಿಗೂ ಹೂ ದೂರದಿಂದ ಕಾಣುತ್ತದೆ. ನನ್ನಂಥ ದಾರಿಹೋಕನಿಗೂ ಕಂಡಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಈ ಐದೂ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರು ಮಾತ್ರ ಇಂದಿಗೂ ಬಳ್ಳಾರಿ ಸೀಮೆ ಎಂದೇ ಹೇಳಿದರು.

ನನಗೊಂದು ಚಟವುಂಟು. ದಾರಿಯಲ್ಲಿ ಬಿದ್ದ ಎಸಳು, ಬೀಜ, ತೊಗಟೆ, ಗರಿಗಳನ್ನು ಹೆಕ್ಕಿ ತಂದು ರಟ್ಟಿನ ಮೇಲೆ ಅಂಟಿಸಿ ಚಿತ್ರ ಮಾಡುವುದು. ಬಿದ್ದದ್ದು ಮಾತ್ರ, ಗಿಡದ ಮೇಲಿರುವುದಕ್ಕೆ ಕೈ ಹಾಕುವುದಿಲ್ಲ. ಮನೆಯಲ್ಲಿ ಇದಕ್ಕೆ ಕಸದ ಕಲೆ ಎಂದು ಹೆಸರಿಟ್ಟಿದ್ದಾರೆ. ನಾನು ಇದನ್ನು ನನ್ನದೇ ಹೊಸ ಯೋಚನೆಯೆಂದು ಬಹಳ ದಿನ ನಂಬಿಕೊಂಡಿದ್ದೆ.

ಕೊಟ್ಟೂರಿನ ದಾರಿಯಲ್ಲಿ ಮುತ್ತುಗದ ಮರಗಳ ಕೆಳಗೆ ನೆಲವೆಲ್ಲ ಕೆಂಡ ಹರಡಿದಂತಿತ್ತು. ಮಂಡಿಯೂರಿ ಚೀಲ ತುಂಬಿಸುತ್ತಿದ್ದಾಗ ಕುರಿ ಕಾಯುವ ಮುದುಕಿಯೊಬ್ಬಳು ನಿಂತು ನೋಡಿ, “ಹೋಳಿ ಮುಗದ ಮ್ಯಾಲೆ ಬಂದೀಯಲ್ಲಪ್ಪ” ಎಂದಳು. ಅವಳ ಎಣಿಕೆಯಲ್ಲಿ ಮುತ್ತುಗ ಹೆಕ್ಕುವವನು ಬಣ್ಣಕ್ಕಾಗಿಯೇ ಹೆಕ್ಕಬೇಕು. ಅಂಗಡಿಯ ಪುಡಿ ಬರುವುದಕ್ಕೆ ಮುಂಚೆ ಹೋಳಿಯ ಓಕುಳಿ ಈ ಹೂವಿನದೇ ಅಲ್ಲವೆ? ನಿಮ್ಮಲ್ಲಿ ಯಾರಿಗಾದರೂ ಪ್ರಯೋಗ ಮಾಡುವ ಮನಸ್ಸಿದ್ದರೆ ಹೇಳುತ್ತೇನೆ: ಎಸಳನ್ನು ನೆರಳಿನಲ್ಲಿ ಒಣಗಿಸಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಬೇಕು. ತಿಳಿ ಹಳದಿ ಬರುತ್ತದೆ. ಚಿಟಿಕೆ ಸುಣ್ಣ ಹಾಕಿದರೆ ಕಿತ್ತಳೆಗೆ ತಿರುಗುತ್ತದೆ. ಬಟ್ಟೆಗೆ ಬಣ್ಣ ನಿಲ್ಲಬೇಕಾದರೆ ಮೊದಲು ಸ್ಫಟಿಕದ ನೀರಿನಲ್ಲಿ ಅದ್ದಿರಬೇಕು.

ಕೊಟ್ಟೂರಿನ ಹೊರಗೆ ಜೋಳದ ಹೊಲ ಕೊಯ್ದು ಬಣವೆ ಒಟ್ಟಿದ್ದರು. ಅಲ್ಲೊಬ್ಬ ಅಜ್ಜ ಮೊಮ್ಮಗನಿಗೆ ದಂಟಿನಿಂದ ಬಂಡಿ ಕಟ್ಟಿಕೊಡುತ್ತಿದ್ದ. ದಂಟಿನ ಸಿಪ್ಪೆ ಸೀಳಿದರೆ ಕಡ್ಡಿ, ಒಳಗಿನ ಬೆಂಡು ಗಾಲಿ. ಬೆಂಡಿಗೆ ಕಡ್ಡಿ ಚುಚ್ಚಿದರೆ ಅಚ್ಚು. ಮೊಳೆಯಿಲ್ಲ, ಅಂಟಿಲ್ಲ, ದಾರವಿಲ್ಲ. ನಾನೂ ಕುಳಿತು ಮೂರು ಸಲ ಮಾಡಿದೆ. ಎರಡು ಬಂಡಿ ನಿಂತಲ್ಲೇ ಮಲಗಿದವು. ಮೂರನೆಯದು ಒಂದು ಗೇಣು ಉರುಳಿತು. ಹುಡುಗ ಅದನ್ನು ಕೃಪೆಯಿಂದ ಸ್ವೀಕರಿಸಿದ.

ಹಗರಿಬೊಮ್ಮನಹಳ್ಳಿಯಲ್ಲಿ ಹೂವಿಗಿಂತ ಹಕ್ಕಿಯನ್ನೇ ಹೆಚ್ಚು ನೋಡಿದೆ. ಅಲ್ಲಿಯ ಅಂಕಸಮುದ್ರದ ಕೆರೆ ಸುಮಾರು 244 ಎಕರೆಯ ಪಕ್ಷಿಧಾಮ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ನೀರಿನ ನಡುವೆ ನಿಂತ ಕರಿಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊಕ್ಕಿನಲ್ಲಿ ಕಡ್ಡಿಯೊಂದನ್ನು ತಂದು, ಅತ್ತ ಇಟ್ಟು, ಇತ್ತ ಇಟ್ಟು, ಮತ್ತೆ ತೆಗೆದು ನೋಡುವ ಒಂದು ಹಕ್ಕಿಯನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ರಟ್ಟಿನ ಮುಂದೆ ಕುಳಿತ ನಾನೂ ಹಾಗೆಯೇ ಕಾಣುತ್ತಿರಬೇಕು.

ಹಡಗಲಿಗೆ ಹೂವಿನ ಹಡಗಲಿ ಎಂಬ ಹೆಸರು ಬಂದದ್ದು ವಿಜಯನಗರದ ಅರಸರಿಗೆ ಇಲ್ಲಿಂದ ಹೂ ಹೋಗುತ್ತಿದ್ದುದರಿಂದ ಎನ್ನುತ್ತಾರೆ. ಊರು ಅದಕ್ಕಿಂತಲೂ ಹಳೆಯದು. ಇಲ್ಲಿಯ ಕೇಶವ ದೇವಾಲಯವನ್ನು ಚಾಳುಕ್ಯ ದಂಡನಾಯಕ ರವಿದೇವನ ಹೆಂಡತಿ ರೆಬ್ಬಲದೇವಿ 1090ರಲ್ಲಿ ಕಟ್ಟಿಸಿದಳು. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತೂ ದೊರೆತಿದೆ. ಮೊಗ್ಗು ಬಿರಿಯುವ ಮುನ್ನ ಬೆಳಗಿನ ಜಾವವೇ ಬಿಡಿಸಬೇಕು, ಬಿಸಿಲೇರಿದರೆ ಬೆಲೆಯಿಳಿಯಿತು. ಮಾಲೆ ಕಟ್ಟುವವರ ಪಕ್ಕದಲ್ಲಿ ಕುಳಿತಾಗ ನನ್ನ ಕಣ್ಣು ಹೋದದ್ದು ಹೂವಿಗಲ್ಲ, ನಾರಿಗೆ. ಗೊನೆ ಕಡಿದಮೇಲೆ ಬಿಸಾಡುವ ಬಾಳೆಯ ದಿಂಡಿನಿಂದ ಸೀಳಿ, ಒಣಗಿಸಿ, ಮತ್ತೆ ನೀರಿನಲ್ಲಿ ನೆನೆಸಿದ ನಾರು. ಒದ್ದೆ ನಾರು ಮೊಗ್ಗಿನ ತೊಟ್ಟನ್ನು ಕೊಯ್ಯುವುದಿಲ್ಲ, ತಂಪನ್ನೂ ಕೊಡುತ್ತದೆ. ಹೂವಿಗೆ ಬೆಲೆ ಹೇಳುತ್ತಾರೆ, ನಾರಿಗೆ ಯಾರೂ ಹೇಳುವುದಿಲ್ಲ.

ಕೊನೆಯ ದಿನ ಹರಪನಹಳ್ಳಿ. ಊರಾಚೆ, ಹೂವಾದ ಬೇವಿನ ನೆರಳಿನಲ್ಲಿ ಇಬ್ಬರು ಹೆಂಗಸರು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿಗೆ ಸಾಲಾಗಿ ಹೊಲಿಗೆ. ಈ ಕಡೆ ಲಂಬಾಣಿ ತಾಂಡಗಳು ಬಹಳ. ತುಂಡು ಬಟ್ಟೆಗೆ ಕವಡೆ, ಕನ್ನಡಿ ಚೂರು ಕೂಡಿಸಿ ಅವರು ಮಾಡುವ ಕಸೂತಿಯನ್ನು ನೀವು ಬಲ್ಲಿರಿ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ಸೇರಿದಾಗ ನೆರೆಯ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯ 1,755 ತೇಪೆ ಕೆಲಸಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಈ ಇಬ್ಬರಿಗೆ ದಾಖಲೆಯ ಯೋಚನೆ ಇದ್ದಂತಿರಲಿಲ್ಲ. ಹಿರಿಯಳು ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳಿದಳು: ಇದು ಅತ್ತೆಯದು, ಇದು ಮಗಳ ಮದುವೆಯದು, ಇದು ತೀರಿಕೊಂಡ ತಂಗಿಯದು.

ನಾನು ಮುತ್ತುಗದ ಚೀಲ ಬಿಚ್ಚಿ ನನ್ನ ಕಲೆಯ ವಿಚಾರ ತುಸು ಹೆಮ್ಮೆಯಿಂದಲೇ ಹೇಳಿದೆ. ಅವಳು ಕೇಳಿ, “ನಿಮ್ಮವ್ವನ ಸೀರೆ ಏನು ಮಾಡಿದ್ರಿ?” ಎಂದಳು.

ತಾಯಿ ತೀರಿಕೊಂಡ ವರ್ಷ ಹಳೆ ಬಟ್ಟೆಗೆ ಪಾತ್ರೆ ಕೊಡುವವನು ಬೀದಿಗೆ ಬಂದಿದ್ದ. ಹನ್ನೊಂದು ಸೀರೆ ಕೊಟ್ಟು ಒಂದು ಸ್ಟೀಲಿನ ಬಕೆಟ್ಟು ತೆಗೆದುಕೊಂಡೆವು. ಚೌಕಾಸಿ ಮಾಡಿದವನು ನಾನೇ. ಒಳ್ಳೆಯ ವ್ಯಾಪಾರವೆಂದು ಸಂತೋಷಪಟ್ಟದ್ದೂ ನೆನಪಿದೆ. ದಾರಿಯಲ್ಲಿ ಬಿದ್ದ ಹಕ್ಕಿಯ ಗರಿಯನ್ನು ಬಿಡದೆ ತರುವವನು ಮನೆಯಲ್ಲಿದ್ದುದನ್ನು ಅಳೆದದ್ದು ಹೀಗೆ. ಬಕೆಟ್ಟಿನ ಸಂಗತಿ ಹೇಳಿದಾಗ ಅವಳು ನಗಲಿಲ್ಲ. “ಹೋಗ್ಲಿ ಬಿಡ್ರಿ” ಎಂದು ದಾರ ಪೋಣಿಸಿಕೊಂಡಳು.

ಹನ್ನೆರಡನೆಯ ಸೀರೆಯ ಒಂದು ತುಂಡು ಮಾತ್ರ ನಮ್ಮಲ್ಲಿ ಉಳಿದಿತ್ತು. ಬಿಳಿಯ ವಾಯಿಲಿನದು, ಧೂಳು ಕೂರದಿರಲೆಂದು ರೇಡಿಯೋದ ಮೇಲೆ ಹೊದಿಸಿದ್ದೆವು. ಊರಿಗೆ ಮರಳಿದಾಗ ಚೀಲದಲ್ಲಿದ್ದ ಬೂರುಗದ ಎಸಳು ಕಂದಿ ಹೋಗಿದ್ದವು, ಚಿತ್ರಕ್ಕೆ ಬರಲಿಲ್ಲ. ಮುತ್ತುಗವನ್ನು ಅದೇ ಬಕೆಟ್ಟಿನಲ್ಲಿ ನೆನೆಹಾಕಿದೆ. ಬಟ್ಟೆಗೆ ಬಣ್ಣ ಒಂದೇ ಸಮನೆ ಹತ್ತಲಿಲ್ಲ, ಮಡಿಕೆಯಿದ್ದ ಕಡೆ ಬಿಳಿಯ ಗೆರೆ ಉಳಿದಿದೆ. ಅಂಚಿಗೆ ನಾಲ್ಕು ಸಾಲು ಹೊಲಿಗೆ ಹಾಕಿದೆ, ಅವೂ ನೆಟ್ಟಗಿಲ್ಲ. ಅದನ್ನೇ ಮತ್ತೆ ರೇಡಿಯೋಕ್ಕೆ ಹೊದಿಸಿದ್ದೇನೆ. ಬಕೆಟ್ಟಿನ ಅಂಚಿಗೆ ಹಿಡಿದ ಹಳದಿ ಕಲೆ ಇನ್ನೂ ಬಿಟ್ಟಿಲ್ಲ.