ಸೂಪರ್ ಮಗಾ ಅಂದ್ರೆ ಹಾಡು ಸೂಪರ್ ಅಂತಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

  ಇವತ್ತಿನ ಸಂಚಿಕೆ ಹಾಡು ಬರೆಯೋರ ಬಗ್ಗೆ. ಹಾಡೋರ ಬಗ್ಗೆ ಅಲ್ಲ, ಬರೆಯೋರ ಬಗ್ಗೆ. ನಿಮ್ಮ ಫೋನಿನ ನೋಟ್ಸ್‌ನಲ್ಲಿ ಅರ್ಧಕ್ಕೆ ನಿಂತ ಪಲ್ಲವಿ ಒಂದಾದ್ರೂ ಇದ್ರೆ, ಈ ಮಾತು ನಿಮಗೇ.

ನಾನು ಲಕ್ಕೂರಿಂದ ಮಾತಾಡ್ತಿದ್ದೀನಿ. ಮಾಲೂರು ತಾಲ್ಲೂಕಿನ ಹೋಬಳಿ ಊರು. ಮಾಲೂರು ಅಂದ್ರೆ ಹೆಂಚು, ಇಟ್ಟಿಗೆ ಅಂತ ನಿಮಗೆ ಗೊತ್ತಿರುತ್ತೆ. ನಮ್ಮಪ್ಪ ಬಹಳ ವರ್ಷ ಇಟ್ಟಿಗೆ ಗೂಡಲ್ಲಿ ಕೆಲಸ ಮಾಡಿದವರು. ಅವರ ಮೇಲೆ ನಾನೊಂದು ಹಾಡು ಬರೆದೆ. ಅದರಲ್ಲಿ ಅಪ್ಪನ ಬೆವರನ್ನ ಮುತ್ತು ಅಂದಿದ್ದೆ. ಬೀಟ್ ಹಾಕಿ, ರೆಕಾರ್ಡ್ ಮಾಡಿ, ಗ್ರೂಪಲ್ಲಿ ಬಿಟ್ಟೆ. ಐದು ನಿಮಿಷದಲ್ಲಿ ಬೆಂಕಿ ಎಮೋಜಿಗಳ ಮಳೆ. "ಸೂಪರ್ ಮಗಾ." "ಕಣ್ಣಲ್ಲಿ ನೀರು ಬಂತು ಬ್ರೋ." ಹಾಡು ಇರೋದು ನಾಲ್ಕು ನಿಮಿಷ. ಐದನೇ ನಿಮಿಷಕ್ಕೆ ಇಪ್ಪತ್ತು ಜನ ಪೂರ್ತಿ ಕೇಳಿ ಅತ್ತಿದ್ದಾರೆ ಅಂತ ನಾನೂ ನಂಬಿಬಿಟ್ಟೆ.

ಆಮೇಲೆ ಅಪ್ಪನಿಗೆ ಕೇಳಿಸಿದೆ. ಪೂರ್ತಿ ಕೇಳಿದ್ರು. ಕೇಳಿ ಹೇಳಿದ್ದು ಒಂದೇ ಮಾತು: "ಬೆವರು ಮುತ್ತಲ್ಲ ಕಣೋ, ಉಪ್ಪು. ಗೂಡಿನ ಮುಂದೆ ನಿಂತಿರುವಾಗ ಕಣ್ಣಿಗೆ ಇಳಿದ್ರೆ ಉರೀತದೆ. ಕೈ ತುಂಬ ಮಣ್ಣು, ಒರೆಸಿಕೊಳ್ಳೋಕೂ ಆಗಲ್ಲ."

ನನಗೆ ಸಿಟ್ಟು ಬಂತು. ಕವಿತೆ ಅಂದ್ರೆ ಏನು ಅಂತ ಅಪ್ಪನಿಗೇನು ಗೊತ್ತು ಅಂದುಕೊಂಡೆ. ಎರಡು ದಿನ ಅದೇ ಸಿಟ್ಟಲ್ಲಿದ್ದೆ. ಮೂರನೇ ದಿನ ಹಾಡನ್ನ ಮತ್ತೆ ಕೇಳಿದಾಗ ಒಂದು ವಿಷಯ ಹೊಳೀತು. ಆ ಹಾಡಲ್ಲಿ ಅಪ್ಪನೇ ಇರಲಿಲ್ಲ. ಯಾರ್ಯಾರೋ ಎಷ್ಟೋ ಸಲ ಬರೆದ ಅಪ್ಪ ಇದ್ದ. ಅಪ್ಪ ಒಂದೇ ಉಸಿರಲ್ಲಿ ಹೇಳಿದ "ಒರೆಸಿಕೊಳ್ಳೋಕೂ ಆಗಲ್ಲ" ಅನ್ನೋ ಮಾತು ನನ್ನ ಮೂರು ಚರಣಕ್ಕಿಂತ ದೊಡ್ಡದಾಗಿತ್ತು.

ನಾನು ಓದಿದ್ದು ಬಿ.ಕಾಂ. ಅಲ್ಲಿ ಆಡಿಟಿಂಗ್ ಪೇಪರಲ್ಲಿ ಮೊದಲು ಕಲಿಸೋದೇ ಇದು: ಲೆಕ್ಕ ಬರೆದವನೇ ಅದನ್ನ ಆಡಿಟ್ ಮಾಡಬಾರದು. ಅವನು ಕಳ್ಳ ಅಂತಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳಲ್ಲ ಅಂತ. ಹಾಡಿಗೂ ಇದೇ ಲೆಕ್ಕ. ಬರೆದವರ ತಲೆಯಲ್ಲಿ ಆ ಸಾಲಿನ ಹಿಂದಿನ ನೆನಪು, ರಾಗ, ಅಳು ಎಲ್ಲ ಇರುತ್ತೆ. ಕೇಳೋರಿಗೆ ಸಿಗೋದು ಸಾಲು ಮಾತ್ರ.

ಹಾಗಾದ್ರೆ ಆಡಿಟರ್ ಯಾರು? ನಮ್ಮ ಸೀಮೆಯಲ್ಲಿ ಇದಕ್ಕೊಂದು ಹಳೇ ವ್ಯವಸ್ಥೆ ಇದೆ. ನಮ್ಮ ಕಣ್ಣೆದುರೇ ಇದ್ರೂ ನಾವು ಅದನ್ನ ನೋಡಿಲ್ಲ. ಅದು ಭಜನೆ.

ಭಜನೆಯಲ್ಲಿ ಒಬ್ಬರು ಒಂದು ಸಾಲು ಹೇಳ್ತಾರೆ, ಮಿಕ್ಕವರು ಅದನ್ನ ಎತ್ತಿಕೊಂಡು ಹೇಳ್ತಾರೆ. ಅಷ್ಟೇ. ಆದ್ರೆ ಆ ಎತ್ತಿಕೊಳ್ಳೋದರಲ್ಲೇ ಪರೀಕ್ಷೆ ಇದೆ. ಸಾಲು ಉದ್ದ ಆದ್ರೆ ಹಿಂದಿನವರ ಉಸಿರು ನಡುವಲ್ಲೇ ಮುಗಿಯುತ್ತೆ. ಮಾತು ತೊಡಕಾದ್ರೆ ಗುಂಪು ತಡವರಿಸುತ್ತೆ. ಯಾರೂ ಬಾಯಿಬಿಟ್ಟು ವಿಮರ್ಶೆ ಮಾಡಬೇಕಿಲ್ಲ. ತಾಳ ತಪ್ಪಿದ್ದೇ ವಿಮರ್ಶೆ. ಕೈವಾರ ತಾತಯ್ಯನವರ ಪದಗಳನ್ನ ನೋಡಿ. ತಾತಯ್ಯ ಬಳೆ ಮಾರುತ್ತಿದ್ದವರು, ತೆಲುಗಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆ, 2007ರವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಅವರ ಪದಗಳನ್ನ ಇವತ್ತಿಗೂ ಪುಸ್ತಕ ನೋಡದೆ ಹಾಡೋರಿದ್ದಾರೆ. ಬಾಯಿಂದ ಬಾಯಿಗೆ ದಾಟಿ ಉಳಿಯೋದು ಅಂದ್ರೆ ಅದು.

ಇನ್ನೊಂದು ಪರೀಕ್ಷೆ ಬೀದಿಯಲ್ಲಿ ನಡೀತು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿ ಬೆಳೀತಿದ್ದ ಕಾಲ ಅದು. ಆ ಚಳವಳಿಯ ಹಾಡುಗಳಿಗೆ ಕೋಲಾರ ಜಿಲ್ಲೆ ದೊಡ್ಡ ನೆಲೆ. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರ ದನಿಗಳು ನಮಗೆ ಗೊತ್ತಿರೋದೇ ಆ ಹಾಡುಗಳಿಂದ. ಮೈಕ್ ಇಲ್ಲದ ಕಡೆ, ತಮಟೆ ಜೊತೆ, ದಿನವಿಡೀ ಕೂಲಿ ಮಾಡಿ ಬಂದು ನಿಂತ ಜನರ ಮುಂದೆ ಹಾಡಬೇಕು. ಅರ್ಥ ಆಗದಿದ್ರೆ ಅವರು "ಸೂಪರ್ ಮಗಾ" ಅನ್ನಲ್ಲ. ಎದ್ದು ಮನೆಗೆ ಹೋಗ್ತಾರೆ.

ಅದೇ ಚಳವಳಿಯಿಂದ ಬಂದ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರ ಜೊತೆ ಸೇರಿ ಕೋಲಾರದ ಪಕ್ಕ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಕಟ್ಟಿದ್ರು. ಅಲ್ಲಿ ಹುಣ್ಣಿಮೆ ರಾತ್ರಿ 'ಹುಣ್ಣಿಮೆ ಹಾಡು' ಅನ್ನೋ ಕಾರ್ಯಕ್ರಮ. ಬೆಟ್ಟದ ಮೇಲೆ, ಬಯಲಲ್ಲಿ, ಬೆಳದಿಂಗಳಲ್ಲಿ ಹಾಡು, ನಾಟಕ. ನಾನು ಮೊದಲ ಸಲ ಹೋದಾಗ ವೇದಿಕೆಗಿಂತ ಹೆಚ್ಚು ನೋಡಿದ್ದು ಕೂತಿದ್ದ ಜನರನ್ನ. ಹಾಡು ಮುಗಿದ ಮೇಲೂ ಹಿಂದೆ ಕೂತಿದ್ದ ಒಬ್ಬ ಅಮ್ಮ ಪಲ್ಲವಿ ಗುನುಗ್ತಾ ಇದ್ರು. ನನ್ನ ಅಪ್ಪನ ಹಾಡನ್ನ ಹೀಗೆ ಯಾರಾದ್ರೂ ಗುನುಗ್ತಾರಾ ಅಂತ ಕೇಳ್ಕೊಂಡೆ. ಉತ್ತರ ಗೊತ್ತಿತ್ತು.

ಬರೀ ಊರಿನ ಹಾಡಿಗೆ ಮಾತ್ರ ಈ ಮಾತು ಅಂತ ಅಂದುಕೋಬೇಡಿ. ಕನ್ನಡದ ದೊಡ್ಡ ಹಾಡುಗವಿ ಬೇಂದ್ರೆ 1922ರ ಹೊತ್ತಿಗೆ ಧಾರವಾಡದಲ್ಲಿ 'ಗೆಳೆಯರ ಗುಂಪು' ಕಟ್ಟಿದ್ರು. ಶಂಬಾ ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಆನಂದಕಂದ, ಇವರೆಲ್ಲ ಅದರಲ್ಲಿ ಇದ್ದವರು. ಓದೋದು, ಚರ್ಚೆ ಮಾಡೋದು, ಬರೆಯೋದು ಎಲ್ಲ ಒಟ್ಟಿಗೆ. ಬೇಂದ್ರೆ ಅಣ್ಣನ ಹಾಗೆ ಕಂಡ ಮಾಸ್ತಿಯವರು ಯಾವ ಊರಿನವರು ಹೇಳಿ? ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರು. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಂಥ ಬೇಂದ್ರೆಗೇ ಒಂದು ಗುಂಪು ಬೇಕಾಗಿತ್ತು. ನಮಗೆ ಬೇಡ್ವಾ?

ಸರಿ, ನಾವೂ ಒಂದು ಗುಂಪು ಮಾಡ್ಕೊಂಡ್ವಿ. ಏಳೆಂಟು ಜನ. ತಿಂಗಳಿಗೆ ಒಂದು ಭಾನುವಾರ, ಒಬ್ಬ ಗೆಳೆಯನ ಶಾಮಿಯಾನ ಅಂಗಡಿಯ ಹಿಂದೆ, ಮಡಚಿಟ್ಟ ಕುರ್ಚಿಗಳ ನಡುವೆ. ಊರಿನ ಭಜನೆ ತಾತ ಒಬ್ಬರು ಕುತೂಹಲಕ್ಕೆ ಬಂದು ಕೂತ್ರು. ಮೊದಲ ದಿನವೇ ಅವರು ಹೇಳಿದ್ರು: "ಆ ಫೋನು ಆರಿಸಪ್ಪಾ. ಬಾಯಲ್ಲಿ ಹೇಳು."

ಬೀಟ್ ಇಲ್ಲದೆ ಹಾಡಿದಾಗ ಎಲ್ಲರ ಬಣ್ಣ ಬಯಲಾಯ್ತು. ಒಬ್ಬಳ ಹಾಡಲ್ಲಿ "ಬಳೆ" ಅಂತ ಇತ್ತು. ಟ್ಯೂನ್ ಮೊದಲ ಅಕ್ಷರವನ್ನ ಎಳೀತಿತ್ತು. ಕೇಳೋರಿಗೆ ಅಮ್ಮನ ಕೈಯ ಬಳೆ ಹೋಗಿ ಬಾಳೆ ಆಗಿತ್ತು. ನನ್ನ ಹಾಡಲ್ಲಿ "ಹಳೆ" ಅನ್ನೋದು "ಹಾಳೆ" ಆಗಿತ್ತು. ಕನ್ನಡದಲ್ಲಿ ಹ್ರಸ್ವ ದೀರ್ಘ ಆದ್ರೆ ಪದವೇ ಬೇರೆ. ಮೊದಲು ಟ್ಯೂನ್ ಮಾಡಿ ಆಮೇಲೆ ಮಾತು ತುಂಬೋರು ಇದನ್ನ ಬರೆದಿಟ್ಕೊಳ್ಳಿ: ಎಳೆಯೋ ಜಾಗಕ್ಕೆ ದೀರ್ಘ ಇರೋ ಪದ ಹುಡುಕಿ. ಇನ್ನೊಬ್ಬನ ಹಾಡಲ್ಲಿ ಪ್ರಾಸಕ್ಕೋಸ್ಕರ ಬಂದಿದ್ದ ಸಾಲುಗಳು. "ನಲ್ಲೆ" ಬಂದ್ರೆ ಸಾಕು, ಹಿಂದೆಯೇ "ಬಲ್ಲೆ", "ಎಲ್ಲೆ". ಅವನು ಜೀವನದಲ್ಲಿ ಯಾರನ್ನೂ ನಲ್ಲೆ ಅಂತ ಕರೆದಿಲ್ಲ.

ಇಲ್ಲೀವರೆಗೂ ಖುಷಿಯ ಕಥೆ. ಇನ್ನು ನನ್ನ ತಪ್ಪಿನ ಕಥೆ.

ಮೂರನೇ ಭಾನುವಾರ ಒಬ್ಬ ಗೆಳೆಯ ಹಾಡು ತಂದ. ಅವರ ಮನೆಮಾತು ತೆಲುಗು. ನಮ್ಮ ಕಡೆ ಇದು ಮಾಮೂಲು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಹೊಸೂರು ಕಡೆ ಕೆಲಸಕ್ಕೆ ಹೋದ್ರೆ ತಮಿಳು. ಅವನ ಅಜ್ಜಿಯ ಮೇಲಿನ ಹಾಡು. ಮೊದಲ ಸಾಲು ಕನ್ನಡ, ಎರಡನೇದು ತೆಲುಗು. ನಾನು ಎಲ್ಲರ ಮುಂದೆ, "ಇದು ಹಾಡಾ, ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟಾ?" ಅಂದೆ. ಎಲ್ಲರೂ ನಕ್ರು. ಅವನೂ ನಕ್ಕ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ನೇರವಾಗಿ ಹೇಳಿದ್ದೀನಿ, ಅದರಲ್ಲೇನು ತಪ್ಪು ಅಂತ ಬಹಳ ದಿನ ಸಮರ್ಥನೆ ಮಾಡ್ಕೊಂಡೆ. ಆದ್ರೆ ಅದು ನೇರ ಮಾತು ಅಲ್ಲ. ಅವನ ಹಾಡಿನ ಬಗ್ಗೆ ನಾನು ಏನೂ ಹೇಳೇ ಇರಲಿಲ್ಲ. ನಾಲ್ಕು ಜನರನ್ನ ನಗಿಸೋಕೆ ಅವನ ಅಜ್ಜಿಯನ್ನ ಬಳಸಿಕೊಂಡಿದ್ದೆ. ಅದಕ್ಕಿಂತ ನಾಚಿಕೆಯ ವಿಷಯ, ಅಪ್ಪನ ಹಾಡಲ್ಲಿ ನಾನು ಮಾಡಲಾಗದ್ದನ್ನ ಅವನು ಮಾಡಿದ್ದ. ಅಜ್ಜಿ ಮಾತಾಡೋ ಹಾಗೇ ಬರೆದಿದ್ದ. ಎರಡು ಭಾಷೆಯಲ್ಲಿ ಪದ ಕಟ್ಟಿದ ತಾತಯ್ಯನ ಬಗ್ಗೆ ಇಷ್ಟುದ್ದ ಮಾತಾಡೋ ನಾನು, ಎದುರಿಗೆ ಕೂತವನು ಅದನ್ನೇ ಮಾಡಿದಾಗ ನಕ್ಕೆ.

ಅದಾದ ಮೇಲೆ ನಮ್ಮ ಗುಂಪಲ್ಲಿ ಕೆಲವು ಕಟ್ಟುಪಾಡು ಮಾಡ್ಕೊಂಡ್ವಿ. ನಿಮಗೂ ಉಪಯೋಗ ಆಗಬಹುದು.

ಒಂದು, ಹಾಡೋಕೆ ಮುಂಚೆ ವಿವರಣೆ ಇಲ್ಲ. "ಇದು ನಾನು ಬೇಜಾರಲ್ಲಿದ್ದಾಗ ಬರೆದಿದ್ದು" ಅನ್ನೋ ಪೀಠಿಕೆ ಬೇಡ. ಬೇಜಾರು ಹಾಡಲ್ಲೇ ಇರಲಿ.

ಎರಡು, ಕೇಳಿದವರು ಮೊದಲು ಹೇಳಬೇಕಾದದ್ದು ತಮಗೆ ನೆನಪಲ್ಲಿ ಉಳಿದ ಸಾಲು. ಚೆನ್ನಾಗಿದೆ, ಚೆನ್ನಾಗಿಲ್ಲ ಅಲ್ಲ. ಯಾರಿಗೂ ಯಾವ ಸಾಲೂ ನೆನಪಿಲ್ಲ ಅಂದ್ರೆ ಬರೆದವರಿಗೆ ತಾನಾಗೇ ಗೊತ್ತಾಗುತ್ತೆ.

ಮೂರು, ಆಮೇಲೆ ಗಮನ ಎಲ್ಲಿ ತಪ್ಪಿತು ಅಂತ ಹೇಳಬೇಕು. "ಎರಡನೇ ಚರಣದಲ್ಲಿ ನಾನು ಫೋನ್ ನೋಡಿದೆ" ಅನ್ನೋದು ಒಳ್ಳೇ ವಿಮರ್ಶೆ. "ಫೀಲ್ ಇಲ್ಲ" ಅನ್ನೋದು ವಿಮರ್ಶೆ ಅಲ್ಲ.

ನಾಲ್ಕು, ಬರೆದವರು ವಾದ ಮಾಡಬಾರದು. ಬರೆದಿಟ್ಕೊಳ್ಳಬೇಕು. ಒಪ್ಪಬೇಕು ಅಂತೇನಿಲ್ಲ. ಒಂದು ವಾರ ಬಿಟ್ಟು ರೆಕಾರ್ಡಿಂಗ್ ತಾವೇ ಕೇಳಿ, ಬೇರೆ ಯಾರೋ ಬರೆದಿದ್ದು ಅನ್ನೋ ಹಾಗೆ ಕೇಳಿ, ಆಮೇಲೆ ತೀರ್ಮಾನ ಮಾಡಬೇಕು.

ಐದು, ಯಾರ ಭಾಷೆಗೂ ನಗಬಾರದು. ಇದು ನನ್ನಿಂದ ಬಂದ ನಿಯಮ.

ಇನ್ನೊಂದು ಮಾತು. ವಿಮರ್ಶೆ ಅಂದ್ರೆ ತಪ್ಪು ಹುಡುಕೋದು ಮಾತ್ರ ಅಲ್ಲ. 1968ರಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 'ಹೇ ಜೂಡ್' ಬರೆದು ಜಾನ್ ಲೆನನ್‌ಗೆ ಕೇಳಿಸಿದ್ರು. ಅದರಲ್ಲಿ ಒಂದು ಸಾಲು ಪಾಲ್‌ಗೇ ಇಷ್ಟ ಇರಲಿಲ್ಲ. ಸುಮ್ಮನೆ ಜಾಗ ತುಂಬೋಕೆ ಹಾಕಿದ್ದು, ಬದಲಾಯಿಸ್ತೀನಿ ಅಂದ್ರು. ಅದನ್ನ ಮುಟ್ಟಬೇಡ, ಹಾಡಲ್ಲಿ ಅದೇ ಒಳ್ಳೇ ಸಾಲು ಅಂದ್ರು ಜಾನ್. ಸಾಲು ಉಳೀತು. ನಮ್ಮ ಒಳ್ಳೇದೂ ಕೆಲವು ಸಲ ನಮ್ಮ ಕಣ್ಣಿಗೆ ಬೀಳಲ್ಲ. ಸ್ವವಿಮರ್ಶೆ ಅಂತ ಎಲ್ಲ ಹರಿದು ಹಾಕೋರಿಗೂ ಗುಂಪು ಬೇಕು.

ಅಪ್ಪನ ಹಾಡು ಏನಾಯ್ತು ಅಂತೀರಾ? ಮುತ್ತು ಹೋಯ್ತು. ಉಪ್ಪು ಬಂತು. ನಾಲ್ಕು ಸಲ ತಿದ್ದಿ ಮತ್ತೆ ಅಪ್ಪನ ಮುಂದೆ ಬಾಯಲ್ಲೇ ಹಾಡಿದೆ. "ಈಗ ಸರಿಯಾಗದೆ," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಉದ್ದ ಆಯ್ತು," ಅಂದ್ರು. ಒಂದು ಚರಣ ತೆಗೆದೆ. ಅದನ್ನ ಇನ್ನೂ ಎಲ್ಲೂ ಹಾಕಿಲ್ಲ. ನಮ್ಮ ಶಾಮಿಯಾನ ಅಂಗಡಿಯವರು ಪಲ್ಲವಿ ಎತ್ತಿಕೊಳ್ತಾರೆ, ಸದ್ಯಕ್ಕೆ ಅಷ್ಟು ಸಾಕು.

ಆ ಗೆಳೆಯನಿಗೆ ಫೋನ್ ಮಾಡಿದ್ದೆ. ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡೋ," ಅಂದ. "ಬಿಡೋ" ಅಂದ್ರೆ ಕ್ಷಮಿಸಿದ ಅಂತಲ್ಲ, ಮಾತು ಮುಗಿಸು ಅಂತ. ಅದಾದ ಮೇಲೆ ಅವನು ಏನೂ ಬರೆದಿಲ್ಲ ಅಂತ ಕೇಳಿದೆ. ನನ್ನ ಒಂದು ತಮಾಷೆಯ ಬೆಲೆ ಅದು.

ಅವನು ಈ ಸಂಚಿಕೆ ಕೇಳ್ತಾನೋ ಇಲ್ವೋ ಗೊತ್ತಿಲ್ಲ. ಕೇಳಿದ್ರೆ ನಮ್ಮ ಎರಡನೇ ನಿಯಮದ ಪ್ರಕಾರ ಆವತ್ತೇ ಹೇಳಬೇಕಾದದ್ದನ್ನ ಈಗ ಹೇಳ್ತೀನಿ. ಆವತ್ತು ಆ ಅಂಗಡಿಯ ಹಿಂದೆ ಐದು ಹಾಡು ಕೇಳಿದ್ವಿ, ನನ್ನದೂ ಸೇರಿ. ಅದರಲ್ಲಿ ನನಗೆ ಇವತ್ತಿಗೂ ನೆನಪಿರೋದು ಒಂದೇ ಸಾಲು ಕಣೋ. ನಿನ್ನ ಎರಡನೇ ಸಾಲು, ಅಜ್ಜಿಯ ತೆಲುಗಿಂದು. ಭಾನುವಾರ ಬಾ. ಕುರ್ಚಿ ಇದೆ.