ಕೊನೆ ಬೆಂಚಿನ ಹುಡುಗ ದಡ್ಡನಲ್ಲ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ನಮಗೆ ಬೆತ್ತ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅಪ್ಪ ಫರಸಿಕಲ್ಲಿನ ಖಣಿಗೆ, ಅವ್ವ ತೊಗರಿ ಹೊಲಕ್ಕೆ ಹೋದ ಮೇಲೆ ನಾವು ಸಾಲಿಗೆ ಹೋದವರು. ಅಲ್ಲಿ ಹಲಗೆಯ ಮೇಲಿನ ಅಕ್ಷರ ಕಾಣದ ಹುಡುಗನಿದ್ದ. ಮಾಸ್ತರ ಮಾತು ಅರ್ಧ ಮಾತ್ರ ಕೇಳಿಸುವ ಹುಡುಗಿ ಇದ್ದಳು. ಎಷ್ಟು ತಿದ್ದಿದರೂ ಅಕ್ಷರ ಅದಲುಬದಲಾಗುವವನಿದ್ದ. ಮೂವರಿಗೂ ಒಂದೇ ಹೆಸರು, ದಡ್ಡ. ಮೂವರಿಗೂ ಒಂದೇ ಔಷಧಿ, ಬೆತ್ತ. ಊರಗೌಡನ ಮಗ ತಡವರಿಸಿದರೆ 'ಡಾಕ್ಟರಿಗೆ ತೋರಸ್ರಿ' ಅಂತ ಮನೆಗೆ ಹೇಳಿ ಕಳಿಸುತ್ತಾರೆ. ನಮ್ಮವ ತಡವರಿಸಿದರೆ 'ಇವರ ತಲಿಗಿ ಹತ್ತಂಗಿಲ್ಲ ಬಿಡ್ರಿ' ಅನ್ನುತ್ತಾರೆ. ಒಬ್ಬ ಹುಡುಗನ ಕಣ್ಣಿನ ದೋಷ ಇಡೀ ಕೇರಿಯ ದೋಷವಾಗಿಬಿಡುತ್ತದೆ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದೇ 1995ರಲ್ಲಿ. (ಕಾಗದಕ್ಕೂ ನಿದ್ದೆ ಬರುತ್ತದೆ ನೋಡಿ.) 2009ರ ಶಿಕ್ಷಣ ಹಕ್ಕು ಕಾಯ್ದೆಗೆ ನಮ್ಮ ರಾಜ್ಯ 2012ರಲ್ಲಿ ನಿಯಮ ಮಾಡಿತು. ಆ ಕಾಯ್ದೆಯ 17ನೇ ಕಲಮು ಮಗುವನ್ನು ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ ಅನ್ನುತ್ತದೆ. ಮೀರಿದವರಿಗೆ ಸೇವಾ ನಿಯಮದಂತೆ ಶಿಸ್ತುಕ್ರಮ, ಅಷ್ಟೆ. ಕ್ರಮ ಕೈಗೊಳ್ಳಬೇಕಾದವರು ಯಾರು? ಅದೇ ಇಲಾಖೆಯವರು!

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ವಿಡಿಯೋ ಹೊರಬಿತ್ತು, ಅಮಾನತಾಯಿತು, ಬಂಧನವಾಯಿತು. ಬೆತ್ತದ ಏಟಿಗೆ, 'ದಡ್ಡ' ಅನ್ನುವ ಮಾತಿಗೆ ವಿಡಿಯೋ ಎಲ್ಲಿಂದ ತರೋಣ?

ಇನ್ನೊಂದು ಕಾನೂನು ನಮ್ಮ ಕೇರಿಗೆ ಇನ್ನೂ ನೆಟ್ಟಗೆ ತಲುಪಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿದೆ. ಅದರಲ್ಲಿ ಕಣ್ಣು, ಕಿವಿಯ ಜೊತೆಗೆ ಓದು ಬರಹದ ಕಲಿಕಾ ತೊಂದರೆಯೂ ಸೇರಿದೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚೆಂದು ಸರ್ಟಿಫಿಕೇಟು ಸಿಕ್ಕರೆ 18 ವರ್ಷದವರೆಗೆ ಉಚಿತ ಶಿಕ್ಷಣ, ಪುಸ್ತಕ, ಸಲಕರಣೆ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡಲು ಜೊತೆಗಾರ. ಆದರೆ ಚಿಂಚೋಳಿಯ ತಾಂಡಾದ ತಾಯಿ ಆ ಚೀಟಿಗಾಗಿ ಮಗುವನ್ನು ಎತ್ತಿಕೊಂಡು ಕಲಬುರಗಿಗೆ ಹೋದರೆ ಅವತ್ತಿನ ಕೂಲಿ ಹೋಯಿತು. 'ನಾಳೆ ಬರ್ರಿ' ಅಂದರೆ ನಾಳಿನದೂ ಹೋಯಿತು.

ಹೊಡೆಯಬೇಡಿ ಅಂತ ಕೇಳುವುದು ಅರ್ಧ ಕೆಲಸ. ಯಾಕೆ ಓದಲಾರ ಅಂತ ಪರೀಕ್ಷೆ ಮಾಡಿಸಿ ಅಂತಲೂ ಕೇಳಬೇಕು. ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ಇದಕ್ಕೆಂದೇ ವಿಶೇಷ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ನಮ್ಮೂರ ಸಾಲಿಗೆ ಅವರು ಬಂದದ್ದು ಯಾವಾಗ? ದಸರಾ ರಜೆಗೆ ಊರಿಗೆ ಹೋದಾಗ ಎಸ್.ಡಿ.ಎಂ.ಸಿ. ಸದಸ್ಯರನ್ನು ಕಂಡು ಕೇಳಿ. ಬಾಯಿಮಾತು ಬೇಡ, ಬರೆದು ಕೊಡಿ, ನಕಲಿಗೆ ಸಿಕ್ಕಾ ಹಾಕಿಸಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅರ್ಜಿ ಬರೆಯೋದು ತಿಳಿಯದಿದ್ದರೆ ಸಭೆ ಮುಗಿದ ಮೇಲೆ ಇಲ್ಲೇ ಕೂಡ್ರಿ, ಹಾಳಿ ನಾವು ತಂದೀವಿ.