ಉಸಿರಿನಿಂದ ನುಡಿಯುವ ನಗಾರಿ



ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಗಡಿಯಾರವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದನ್ನು ನಡೆಸುವುದು ಹಲ್ಲುಚಕ್ರ. ಯುರೋಪಿನ ಆರ್ಕೆಸ್ಟ್ರಿಯನ್ ಎಂಬ ಹಳೆಯ ಸ್ವಯಂಚಾಲಿತ ವಾದ್ಯಗಳಲ್ಲಾದರೋ ಅನೇಕವೇಳೆ ನಗಾರಿಯನ್ನು ನುಡಿಸುವುದು ಗಾಳಿ. ಕಾಗದದ ಸುರುಳಿಯ ರಂಧ್ರದಿಂದ ಗಾಳಿ ಒಳನುಗ್ಗಿದೊಡನೆ ತೆಳುದೊಗಲೊಂದು ಉಬ್ಬಿ ಕವಾಟವನ್ನೆತ್ತುತ್ತದೆ. ಪುಟ್ಟ ತಿದಿಯೊಳಗಿನ ಗಾಳಿಯನ್ನು ದೊಡ್ಡ ತಿದಿಯು ಹೀರಿಕೊಳ್ಳುತ್ತದೆ. ಪುಟ್ಟ ತಿದಿ ಕುಗ್ಗಿ ಕೋಲನ್ನೆಳೆಯುತ್ತದೆ.

ತಿದಿಯ ಬಟ್ಟೆ ಬಿರಿದರೆ ಪೆಟ್ಟು ಸೊರಗುತ್ತದೆ. ಹೊಸ ಬಟ್ಟೆಯನ್ನು ಅಂಟಿಸಿದ ಮೇಲೆ ತಿದಿಯನ್ನು ಮಡಿಚಿ, ರಂಧ್ರವನ್ನು ಬೆರಳಿನಿಂದ ಮುಚ್ಚಿ, ತೆರೆಯಲು ಎಳೆದು ನೋಡಬೇಕು, ತೆರೆಯದಿದ್ದರೆ ಸೋರಿಕೆಯಿಲ್ಲ.

ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ಕೂಡ ತಿದಿಯ ಕುಲದ್ದೇ. ಒಮ್ಮೆ ಅದಕ್ಕೆ ಯಾರೋ ಹೊಸ ಬಗೆಯ ಗಟ್ಟಿ ಅಂಟನ್ನು ಬಳಿದರು. ಮರುಸಲ ಬಿಚ್ಚುವಾಗ ತೊಗಲಿನೊಡನೆ ಹಲಗೆಯೂ ಸೀಳಿ ಬಂದಿತು! ತೊಗಲನ್ನು ಕುದಿಸಿ ಮಾಡುವ ಹಳೆಯ ಅಂಟು ಬಿಸಿ, ತೇವ ತಾಕಿದರೆ ಬಿಡುತ್ತದೆ. ಅದು ಅದರ ದೋಷವಲ್ಲ, ಗುಣ. ಮುಂದೆ ಬರುವ ಕುಶಲಕರ್ಮಿಗೆ ಉಳಿಸಿದ ದಾರಿ.

ಹಳೆಯ ವಾದ್ಯವನ್ನು ಎಸೆಯುವ ಮುನ್ನ ಅದರ ಉಸಿರು ಎಲ್ಲಿ ಸೋರುತ್ತಿದೆಯೆಂದು ನೋಡೋಣವೆಂದು ವಿನಂತಿಸಿ ವಿರಮಿಸುತ್ತೇವೆ.